ಸರ್ಕಾರಿ ಕಟ್ಟಡದ ಅಂಗಳಕ್ಕೆ ನೀರಿನ ಶಿಲ್ಪ: ಡಾಲ್ಫಿನ್ ಬಿಟ್ಟು ಬೇರೆ ಎಂತ ಮಾಡಬಹುದು?

ಕಡತವಾಹಕ (ಉಡುಪಿ)

ಎಲ್ಲರಿಗೂ ನಮಸ್ಕಾರ. ನಾನು ಕೆಲಸ ಮಾಡುವ ಇಲಾಖೆಗೆ ಉಡುಪಿ ಬದಿಯಲ್ಲಿ ಹೊಸ ಕಟ್ಟಡ ಆಗ್ತಾ ಉಂಟು. ಮೂರು ಮಾಳಿಗೆ, ನಡುವಲ್ಲಿ ಹಳೇ ಗುತ್ತಿನ ಮನೆಗಳಲ್ಲಿ (ತುಳುನಾಡಿನ ದೊಡ್ಡ ಮನೆತನದವರ ಮನೆ) ಇರುವಂಥ ತೆರೆದ ಅಂಗಳ. ಟೋಕನ್ ಹಿಡಿದು ಬಂದವರು ಕೂತು ಕಾಯುವುದು ಈ ಅಂಗಳದ ಸುತ್ತಲಿನ ಜಗಲಿಯಲ್ಲೇ. ಅಲ್ಲಿ "ನೀರಿಗೆ ಸಂಬಂಧಪಟ್ಟ ಒಂದು ಶಿಲ್ಪ" ಇಡತಕ್ಕದ್ದು ಅಂತ ಮೇಲಿನಿಂದ ಟಿಪ್ಪಣಿ ಬಂದಿದೆ. ಕಡತ ನನ್ನ ಮೇಜಿಗೆ ಬಂದು ಕೂತಿದೆ.

ಈವರೆಗೆ ಬಂದ ಕೊಟೇಶನ್‌ಗಳು: ಗಾಜಿನ ಮೇಲೆ ನೀರು ಇಳಿಯುವ ಗೋಡೆ, ಹಿಂದೆ ಬಣ್ಣ ಬದಲಿಸುವ ಎಲ್‌ಇಡಿ. ಸ್ಟೀಲಿನ ಒಂದು ದೊಡ್ಡ ಅಲೆ. ಆಮೇಲೆ ಫೈಬರಿನ ಮೂರು ಡಾಲ್ಫಿನ್, ಬಾಯಿಂದ ಕಾರಂಜಿ. ಸಾಹೇಬರಿಗೆ ಡಾಲ್ಫಿನ್ ಸ್ವಲ್ಪ ಹಿಡಿಸಿದ ಹಾಗೆ ಕಾಣ್ತದೆ. ನನಗೆ ರಾತ್ರಿ ನಿದ್ದೆ ಬರ್ತಾ ಇಲ್ಲ.

ಹಳೇ ಕಟ್ಟಡದ ಎದುರು ಒಂದು ಕಾರಂಜಿ ಇತ್ತು. ನಾನು ಸೇರುವಾಗಲೇ ಅದು ಒಣಗಿತ್ತು. ಎಲೆಯಡಿಕೆ ಉಗುಳುವವರಿಗೆ ಅದೇ ಪೀಕದಾನಿ. ಆ ಗತಿ ಇದಕ್ಕೂ ಬರಬಾರದು. ಕಲೆ ಗೊತ್ತಿದ್ದವರು, ಕಾಮಗಾರಿ ಗೊತ್ತಿದ್ದವರು, ಸುಮ್ಮನೆ ಅಭಿಪ್ರಾಯ ಇದ್ದವರು, ಯಾರು ಬೇಕಾದರೂ ಹೇಳಿ.

ದಕ್ಕೆಯಣ್ಣ (ಮಂಗಳೂರು)

ಡಾಲ್ಫಿನ್ ಮೇಲೆ ಎಂತ ಸಿಟ್ಟು ಮಾರಾಯ್ರೆ? ನಮ್ಮ ಕಡಲಲ್ಲೇ ಉಂಟು, ಬೋಟಿನಿಂದ ಕಾಣ್ತವೆ. ಆದರೆ ಅವು ಬೂದಿ ಬಣ್ಣ, ಬೆನ್ನ ಮೇಲೆ ಸಣ್ಣ ಗೂನು. ಕೊಟೇಶನ್ನಿನಲ್ಲಿ ಇರುವುದು ನೀಲಿ ಬಣ್ಣದ್ದು, ನಗಾಡುವಂಥದ್ದು ಅಲ್ವಾ? ಅದು ಕಡಲಿನದ್ದಲ್ಲ, ವಾಟರ್ ಪಾರ್ಕಿನದ್ದು.

ಕಡತವಾಹಕ

ನಗಾಡುವಂಥದ್ದೇ. ಕಣ್ಣಿಗೆ ರೆಪ್ಪೆ ಸಹ ಉಂಟು.

ನಿವೃತ್ತ ಜೆಇ (ಜೂನಿಯರ್ ಎಂಜಿನಿಯರ್, ಮಣಿಪಾಲ)

ಗಾಜಿನ ಗೋಡೆಯ ವಿಷಯ ಮೊದಲು ಮುಗಿಸಿಬಿಡ್ತೇನೆ. ಇಂಥದ್ದನ್ನು ಸರ್ಕಾರಿ ಕಟ್ಟಡಗಳಲ್ಲಿ ಹಾಕಿಸಿದವನೂ ನಾನೇ, ಕಿತ್ತು ಹಾಕಿಸಿದವನೂ ನಾನೇ.

ಎಲ್ಲರೂ ಕರೆಂಟ್ ಬಿಲ್ಲಿಗೆ ಹೆದರ್ತಾರೆ. ಅದು ದೊಡ್ಡ ಸಂಗತಿ ಅಲ್ಲ. 1 ಎಚ್‌ಪಿ ಪಂಪು ದಿನಕ್ಕೆ 8 ಗಂಟೆ ಓಡಿದರೆ ಸುಮಾರು 6 ಯೂನಿಟ್, ತಿಂಗಳ 25 ಕೆಲಸದ ದಿನಕ್ಕೆ 150 ಯೂನಿಟ್. ಒಂದು ಎಸಿ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ಕಷ್ಟ ಇರುವುದು ನೀರಲ್ಲಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದ ಬಾವಿ, ಬೋರ್‌ವೆಲ್ ನೀರಿಗೆ ಕಬ್ಬಿಣದ ಅಂಶ ಜಾಸ್ತಿ. ಅದೇ ನೀರು ತಿರುಗಿ ತಿರುಗಿ ಗಾಜಿನ ಮೇಲೆ ಇಳಿದರೆ ಎರಡೇ ತಿಂಗಳಲ್ಲಿ ಗಾಜು ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗುತ್ತದೆ. ಉಜ್ಜಲಿಕ್ಕೆ ಜನ ಇಲ್ಲ. ವಾರ್ಷಿಕ ನಿರ್ವಹಣೆ ಕರಾರು ಮೊದಲ ವರ್ಷ ಇರ್ತದೆ, ಎರಡನೇ ವರ್ಷ ಅನುದಾನ ಬರುವುದಿಲ್ಲ, ಮೂರನೇ ವರ್ಷ ಪಂಪಿನ ಸೀಲು ಹೋಗ್ತದೆ. ಆಮೇಲೆ ಅದರ ಎದುರು ಒಂದು ಫ್ಲೆಕ್ಸ್ ಕಟ್ತಾರೆ.

ಪಂಪು ನಿಂತ ಮೇಲೆ ತೊಟ್ಟಿಯಲ್ಲಿ ಉಳಿದ ನೀರಿನ ಕತೆ ಇನ್ನೂ ಕೆಟ್ಟದ್ದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಕೊಚ್ಚೆ ಅಲ್ಲ, ನಿಂತ ಚೊಕ್ಕ ನೀರು. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲಿಕ್ಕೆ 8-10 ದಿನ ಸಾಕು. 2019ರಲ್ಲಿ ಮಂಗಳೂರಲ್ಲಿ ಡೆಂಗಿ ಹೇಗೆ ಬಂತು ಅಂತ ಎಲ್ಲರಿಗೂ ನೆನಪುಂಟು. ಮನೆ ಮನೆಗೆ ಹೋಗಿ "ಹೂಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ" ಅಂತ ಹೇಳುವ ಸರ್ಕಾರವೇ ತನ್ನ ಅಂಗಳದಲ್ಲಿ ನೀರು ನಿಲ್ಲಿಸುವುದು ಸರಿಯಾ?

ಆದ್ದರಿಂದ ನನ್ನದು ಒಂದೇ ಷರತ್ತು. ಶಿಲ್ಪ ಏನೇ ಇರಲಿ, ಪಂಪು ಬೇಡ, ನಿಂತ ನೀರು ಬೇಡ.

ಬಾವಿಕಟ್ಟೆ (ಬಜಾಲ್)

ಒಂದು ಪ್ರಶ್ನೆ ಕೇಳ್ತೇನೆ, ಬೇಜಾರು ಮಾಡ್ಕೊಳ್ಬೇಡಿ. 2019ರ ಮೇ ತಿಂಗಳಲ್ಲಿ ತುಂಬೆ ಡ್ಯಾಮಿನ ನೀರು ಇಳಿದು ಮಂಗಳೂರಿಗೆ ಪಾಳಿಯ ಮೇಲೆ ನೀರು ಬಿಟ್ಟದ್ದು ಮರ್ತೋಯ್ತಾ? ಅದೇ ಬೇಸಗೆಯಲ್ಲಿ ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ಹೊಂಡ ಹೊಂಡದಿಂದ ನೀರು ಎತ್ತಿ ಪಂಪ್ ಮಾಡಿದ್ರು. ನಳ್ಳಿಯಲ್ಲಿ ನೀರಿಲ್ಲದೆ ಕೊಡ ಹಿಡ್ಕೊಂಡು ನಿಂತವರ ಎದುರು ಶಿಲ್ಪದ ಬಾಯಲ್ಲಿ ನೀರು ಚಿಮ್ಮಿಸುವುದು ಯಾರ ಕುಶಾಲಿಗೆ?

ಕಡತವಾಹಕ

ಅಕ್ಕ, ನಿಮ್ಮ ಮಾತು ನನಗೂ ತಾಗಿದೆ. ಹಣ ಕಟ್ಟಡದ ಅಂದಾಜಿನಲ್ಲೇ ಸೇರಿದ್ದು, ಕುಡಿಯುವ ನೀರಿನದ್ದಲ್ಲ ಅಂತ ಕಾಗದದಲ್ಲಿ ಉತ್ತರ ಕೊಡಬಹುದು. ಆದರೆ ಮೇ ತಿಂಗಳಲ್ಲಿ ಅದು ಹೇಗೆ ಕಾಣ್ತದೆ ಅಂತ ಕೇಳಿದ್ರೆ ನನ್ನಲ್ಲಿ ಉತ್ತರ ಇಲ್ಲ.

ಬಾವಿಕಟ್ಟೆ

ಅದೇ ನಾನು ಹೇಳುವುದು. ಇಲ್ಲಿ ವರ್ಷಕ್ಕೆ ಸರಿಸುಮಾರು 4,000 ಮಿ.ಮೀ. ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ ಬಿದ್ದು ಮುಗೀತದೆ. ಉಳಿದ ತಿಂಗಳು ಬಿಸಿಲು. ವರ್ಷವಿಡೀ ಒಂದೇ ಹಾಗೆ ನೀರು ಉಕ್ಕಿಸುವ ಶಿಲ್ಪ ನಮ್ಮ ಊರಿನ ನೀರಿನ ಶಿಲ್ಪ ಹೇಗಾಗ್ತದೆ? ಅದು ಸುಳ್ಳು ಹೇಳ್ತದೆ.

ಪರದೇಶಿ ಕಾಪು (ಮಯಾಮಿ)

ಇಲ್ಲಿಂದ ಒಂದು ಉದಾಹರಣೆ ಕೊಡ್ತೇನೆ. ಮಯಾಮಿಯ ಫೆಡರಲ್ ಕೋರ್ಟ್ ಕಟ್ಟಡದ ಹೊರಗೆ ಮಾಯಾ ಲಿನ್ ಮಾಡಿದ ಕೆಲಸ ಒಂದುಂಟು. ನೀರಿನ ಹನಿ ಕೂಡ ಇಲ್ಲ. ಹುಲ್ಲುಹಾಸನ್ನೇ ಅಲೆ ಅಲೆಯಾಗಿ ಎಬ್ಬಿಸಿದ್ದಾರೆ. ಆಳ ಇಲ್ಲದ ನೀರಿನ ಅಡಿಯಲ್ಲಿ ಮರಳು ಹೇಗೆ ಮಡಿಕೆ ಮಡಿಕೆ ಆಗಿರ್ತದೋ ಆ ಆಕಾರ. ಕಾಪು ಬೀಚಲ್ಲಿ ಇಳಿತದ ಹೊತ್ತಿಗೆ ಕಾಲಿಗೆ ಸಿಗುವ ಗೆರೆಗಳು ನೆನಪಾಗ್ತವೆ. ಜನ ಅದರ ಮೇಲೆ ನಡೀತಾರೆ, ಕೂತು ಊಟ ಮಾಡ್ತಾರೆ.

ಇಲ್ಲಿ ಕೇಂದ್ರ ಸರ್ಕಾರದ ಹೊಸ ಕಟ್ಟಡ ಕಟ್ಟುವಾಗ ಅಂದಾಜು ವೆಚ್ಚದ ಕನಿಷ್ಠ ಅರ್ಧ ಶೇಕಡಾ ಕಲೆಗೆ ಅಂತ ತೆಗೆದಿಡ್ತಾರೆ. ನಮ್ಮಲ್ಲೂ ನೆಹರೂ ಕಾಲದಲ್ಲಿ ಆ ಯೋಚನೆ ಇತ್ತು. ದಿಲ್ಲಿಯ ರಿಸರ್ವ್ ಬ್ಯಾಂಕಿನ ಬಾಗಿಲಲ್ಲಿ ರಾಮಕಿಂಕರ್ ಬೈಜ್ ಮಾಡಿದ ಯಕ್ಷ-ಯಕ್ಷಿ ನಿಂತಿರುವುದು ಅದರಿಂದಲೇ.

ಆದರೆ ಅಮೆರಿಕದ ಈ ಯೋಜನೆಯಲ್ಲಿ ಎಡವಿದ್ದೂ ಉಂಟು. ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ 1981ರಲ್ಲಿ ರಿಚರ್ಡ್ ಸೆರ್ರಾ 120 ಅಡಿ ಉದ್ದ, 12 ಅಡಿ ಎತ್ತರದ ವಾಲಿದ ಉಕ್ಕಿನ ಗೋಡೆ ನಿಲ್ಲಿಸಿದರು. ದೊಡ್ಡ ಕಲಾವಿದ, ಅನುಮಾನವೇ ಇಲ್ಲ. ಆದರೆ ಅಲ್ಲಿ ದಿನಾ ಕೆಲಸಕ್ಕೆ ಬರುವವರಿಗೆ ಅಂಗಳ ದಾಟಲಿಕ್ಕೆ ಸುತ್ತು ಬಳಸಿ ಹೋಗುವ ಹಾಗಾಯ್ತು. ಜಗಳ, ವಿಚಾರಣೆ, ಕೋರ್ಟು ಎಲ್ಲಾ ಆಗಿ 1989ರಲ್ಲಿ ತುಂಡು ಮಾಡಿ ತೆಗೆದರು. ಹಾಗಾಗಿ ಕಡತವಾಹಕರೇ, ಸಾಹೇಬರ ಹತ್ತಿರ ಕೇಳುವ ಮೊದಲು ಅಟೆಂಡರ್ ಹತ್ತಿರ ಕೇಳಿ.

ಕುಂದಾಪ್ರ ಗಾಳಿ

ಹ್ವಾಯ್, ಮರವಂತಿ ಬದಿಗೆ ಬಂದ್ ಕಾಣಿ. ಒಂದ್ ಬದಿ ಸಮುದ್ರ, ಒಂದ್ ಬದಿ ಸೌಪರ್ಣಿಕಾ, ಮಧ್ಯ ರಸ್ತಿ. ದೇವ್ರೇ ಮಾಡಿಟ್ಟ ಶಿಲ್ಪ. ಟೆಂಡರೂ ಇಲ್ಲ, ಕಮಿಷನ್ನೂ ಇಲ್ಲ.

ಯಕ್ಷಪ್ರಶ್ನೆ (ಉಡುಪಿ)

ನಮ್ಮ ದೇವಸ್ಥಾನಗಳಲ್ಲಿ ನೀರನ್ನು ಕೆತ್ತುವ ಕ್ರಮ ಸಾವಿರ ವರ್ಷದಿಂದ ಉಂಟಲ್ಲ, ಮತ್ತೆ ಹೊರದೇಶಕ್ಕೆ ಯಾಕೆ ಹೋಗಬೇಕು? ಬಾಗಿಲವಾಡದ ಒಂದು ಬದಿಗೆ ಮೊಸಳೆಯಂಥ ಮಕರದ ಮೇಲೆ ಗಂಗೆ, ಇನ್ನೊಂದು ಬದಿಗೆ ಆಮೆಯ ಮೇಲೆ ಯಮುನೆ. ಪಶ್ಚಿಮ ದಿಕ್ಕಿನ ಪಾಲಕ ವರುಣ, ಅವನ ವಾಹನವೂ ಮಕರ. ಪಶ್ಚಿಮ ಕರಾವಳಿಯ ಕಟ್ಟಡಕ್ಕೆ ವರುಣನಿಗಿಂತ ಬೇರೆ ಯಾರು ಬೇಕು? ಕಾರ್ಕಳದಲ್ಲಿ ಕೆತ್ತುವ ಕೈ ಉಂಟು, ಕಲ್ಲು ಉಂಟು.

ಬಾವಿಕಟ್ಟೆ

ದೇವರ ಮೂರ್ತಿ ಸರ್ಕಾರಿ ಕಚೇರಿಯಲ್ಲಿ ಇಟ್ಟರೆ ಮರುವಾರ ಅದರ ಎದುರು ದೀಪ, ಅದರ ಮರುವಾರ ಹುಂಡಿ. ಚಪ್ಪಲಿ ಹಾಕಿ ಹತ್ತಿರ ಹೋಗಬಾರದು ಅಂತ ಬೋರ್ಡು. ಮತ್ತೆ ಯಾರದ್ದೋ ಅರ್ಜಿ, ಯಾರದ್ದೋ ಪ್ರತಿಭಟನೆ.

ಯಕ್ಷಪ್ರಶ್ನೆ

ನಿಮಗೆ ನಮ್ಮ ದೇವರು ಅಂದ ಕೂಡ್ಲೆ ಆಗುವುದಿಲ್ಲ. ಬೇರೆಯವರದ್ದಾದರೆ

ನಿರ್ವಾಹಕ

ಇಲ್ಲಿಗೆ ಸಾಕು. ಮೇಲಿನ ಮಾತಿನ ಮುಂದಿನ ಆರು ಉತ್ತರ ತೆಗೆದಿದ್ದೇನೆ. ಶಿಲ್ಪದ ವಿಷಯ ಮಾತ್ರ ಬರೆಯಿರಿ. ಎತ್ತಿನಹೊಳೆ ನೀರಿನ ಯೋಜನೆ ಬಗ್ಗೆ ಬೇರೆ ಚರ್ಚೆ ತೆರೆದಿದ್ದೇವೆ, ಅದನ್ನು ಇಲ್ಲಿ ಎಳೆದು ತರುವುದು ಬೇಡ.

ಚಾಣದ ಧೂಳು (ಕಾರ್ಕಳ)

ನಾನು ಮಿಯಾರಿನಲ್ಲಿ ಕಲ್ಲಿನ ಕೆಲಸ ಕಲಿತವನು, ಈಗ ಸ್ವಂತ ಶೆಡ್ಡು. ಹೊಟ್ಟೆಪಾಡಿಗೆ ದೇವರ ವಿಗ್ರಹವೇ ಕೆತ್ತುವುದು, ಆದ್ದರಿಂದ ಯಕ್ಷಪ್ರಶ್ನೆಯವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನೀರಿನ ಶಿಲ್ಪ ಅಂದ್ರೆ ನನಗೆ ಮೊದಲು ನೆನಪಾಗುವುದು ಮಹಾಬಲಿಪುರಂನ ದೊಡ್ಡ ಬಂಡೆ. ಅದು ಗಂಗಾವತರಣವೋ ಅರ್ಜುನನ ತಪಸ್ಸೋ ಅಂತ ಪಂಡಿತರು ಚರ್ಚೆ ಮಾಡ್ಲಿ. ಕಲ್ಲು ಕೆಲಸದವನು ನೋಡುವುದು ಬೇರೆ. ಎರಡು ಬಂಡೆಯ ನಡುವೆ ಮೊದಲೇ ಒಂದು ಬಿರುಕು ಇತ್ತು. ಪಲ್ಲವರ ಶಿಲ್ಪಿಗಳು ಅದನ್ನು ಮುಚ್ಚಲಿಲ್ಲ, ಅದನ್ನೇ ನದಿ ಮಾಡಿದ್ರು. ಬಿರುಕಿನಲ್ಲಿ ನಾಗರನ್ನು ಕೆತ್ತಿದ್ರು, ಆನೆ, ಋಷಿ, ದೇವತೆ ಎಲ್ಲಾ ಅದರ ಕಡೆ ತಿರುಗಿ ನಿಂತಿದ್ದಾರೆ. ಮೇಲೆ ನೀರು ತುಂಬಿಡುವ ತೊಟ್ಟಿಯ ಗುರುತು ಉಂಟು. ಅಂದರೆ ನೀರನ್ನು ಕೆತ್ತಲೇ ಇಲ್ಲ. ನೀರು ಬರುವ ದಾರಿಯನ್ನು ಬಿಟ್ಟು ಉಳಿದದ್ದನ್ನು ಕೆತ್ತಿದ್ರು.

ಸ್ಟೀಲಿನ ಅಲೆ, ಗಾಜಿನ ಅಲೆ ಮಾಡುವವರು ಸೋಲುವುದು ಇಲ್ಲೇ. ಅಲೆ ಅಂದ್ರೆ ಒಂದು ನಿಮಿಷ ನಿಲ್ಲದ ವಸ್ತು. ಅದನ್ನು ಹಿಡಿದು ನಿಲ್ಲಿಸಿದ್ರೆ ಅದು ಬಗ್ಗಿದ ತಗಡು.

ದಕ್ಕೆಯಣ್ಣ

ಬಗ್ಗಿದ ತಗಡು! ಹಾಗಾದ್ರೆ ಬಲೆ ಹೇಗೆ? ಜಾನೆಟ್ ಎಕೆಲ್‌ಮನ್ ಅಂತ ಅಮೆರಿಕದ ಒಬ್ಬರು ಕಲಾವಿದೆ, 1997ರಲ್ಲಿ ಇದೇ ಮಹಾಬಲಿಪುರಂಗೆ ಬಂದಿದ್ರು. ಚಿತ್ರ ಬಿಡಿಸುವ ಸಾಮಾನು ಊರಿಂದ ಸಮಯಕ್ಕೆ ಬಂದು ಮುಟ್ಟಲಿಲ್ಲ. ಕಡಲ ಕರೆಯಲ್ಲಿ ಮೀನುಗಾರರು ಬಲೆ ರಾಶಿ ಹಾಕುವುದು ನೋಡಿ, ಇಷ್ಟು ಹಗುರದಲ್ಲಿ ಇಷ್ಟು ದೊಡ್ಡ ಆಕಾರ ಮಾಡ್ಲಿಕ್ಕೆ ಆಗ್ತದಲ್ಲ ಅಂತ ಬಲೆಯಲ್ಲೇ ಶುರು ಮಾಡಿದ್ರು. ಈಗ ಪೋರ್ಚುಗಲ್ಲಿನ ಪೋರ್ಟೊದಿಂದ ಹಿಡಿದು ಎಷ್ಟೋ ಊರಲ್ಲಿ ರಸ್ತೆ ಮೇಲೆ ಅವರ ಬಲೆ ತೂಗ್ತಾ ಉಂಟು. ಮಲ್ಪೆಯಲ್ಲಿ ಹರಿದ ಬಲೆ ಹೊಲಿಯುವ ಕೈಗಳು ಎಷ್ಟು ಬೇಕು? ಅಂಗಳದ ಮೇಲೆ ಒಂದು ಕೈರಂಪಣಿ ಬಲೆ (ದಡದಿಂದ ಕೈಯಲ್ಲಿ ಎಳೆಯುವ ಬಲೆ) ಕಟ್ಟಿ. ಗಾಳಿ ಬಂದಾಗ ಅದೇ ಅಲೆ.

ನಿವೃತ್ತ ಜೆಇ

ಚಂದ ಉಂಟು, ಆದರೆ ಪಾರಿವಾಳ.

ದಕ್ಕೆಯಣ್ಣ

ಪಾರಿವಾಳ ಬಾರದ ಹಾಗೆ ಬಲೆ ಕಟ್ತಾರೆ ರಾಯರೇ, ಬಲೆಗೆ ಪಾರಿವಾಳ ಬರ್ತದೆ ಅಂತ ಹೆದರುವವರನ್ನು ಈಗಲೇ ನೋಡಿದ್ದು.

ನಿವೃತ್ತ ಜೆಇ

ಒಪ್ಪಿದೆ. ಆದರೂ ನೈಲಾನು ಬಿಸಿಲಿಗೆ ಹುಡಿ ಆಗ್ತದೆ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಬದಲಿಸುವ ಕಡತ ಯಾರು ಮೇಲೆ ಕಳಿಸ್ತಾರೆ? ಕಡತವಾಹಕರು ಅಷ್ಟರಲ್ಲಿ ವರ್ಗ ಆಗಿರ್ತಾರೆ.

ವಿಟ್ಲ ಸೀಮೆ

ಶಿಲ್ಪ ಅಂದ್ರೆ ಎದ್ದು ನಿಲ್ಲಲೇಬೇಕಾ? ನಮ್ಮ ಕಡೆ ಗುಡ್ಡೆಯ ಮುರಕಲ್ಲಿನ ಹೊಟ್ಟೆಗೆ ಸುರಂಗ ಕೊರೆದು ನೀರು ತರ್ತೇವೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಜಾಗ. ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಪಿಕ್ಕಾಸು ಹಿಡಿದು ಸುರಂಗದ ಮೇಲೆ ಸುರಂಗ ತೋಡಿ, ಒಣ ಗುಡ್ಡೆಯಲ್ಲಿ ತೋಟ ಎಬ್ಬಿಸಿದ್ರು. 2022ರಲ್ಲಿ ಪದ್ಮಶ್ರೀ ಬಂತು. ಆ ಸುರಂಗದ ಬಾಯಿಗೆ ಹೋಗಿ ನಿಂತ್ರೆ ತಣ್ಣಗೆ ಗಾಳಿ ಮುಖಕ್ಕೆ ಹೊಡೀತದೆ, ಒಳಗೆಲ್ಲೋ ತಟಕ್ ತಟಕ್ ಅಂತ ಹನಿ ಬೀಳ್ತಾ ಇರ್ತದೆ. ಕಣ್ಣಿಗೆ ನೀರು ಕಾಣುವ ಮೊದಲೇ ಕಿವಿಗೆ ಸಿಗ್ತದೆ. ಅಂಗಳದ ಒಂದು ಬದಿಗೆ ಮುರಕಲ್ಲಿನದ್ದೇ ಅಂಥ ಒಂದು ಓಣಿ ಮಾಡಿ.

ಕಡತವಾಹಕ

ಇದು ಕೇಳಿ ಮೈ ಜುಮ್ ಅಂದದ್ದು ಹೌದು. ಆದರೆ ನಮ್ಮಲ್ಲಿಗೆ ಪಿಂಚಣಿ ಕೆಲಸಕ್ಕೆ ಬರುವವರು ಮುದುಕರು, ಊರುಗೋಲಿನವರು, ಗಾಲಿಕುರ್ಚಿಯವರು. ಬಗ್ಗಿ ಒಳಗೆ ಹೋಗುವಂಥದ್ದು ಆಗಲಿಕ್ಕಿಲ್ಲ. ಮತ್ತೆ ಆ ಕತ್ತಲೆ ಮೂಲೆಗೆ ಸಂಜೆ ಐದರ ನಂತರ ಯಾರ್ಯಾರು ಬರ್ತಾರೆ ಅಂತ ನೆನೆಸಿದ್ರೆ ಮಂಡೆ ಬಿಸಿ ಆಗ್ತದೆ.

ಪಾಣೆಮಂಗಳೂರು ಪ್ಯಾಸೆಂಜರ್

ನನ್ನದೊಂದು ಸಾದಾ ಸಲಹೆ. ನೇತ್ರಾವತಿಯ ನೆರೆ ನಮಗೆ ಅಜ್ಜ ಹೇಳಿ ಗೊತ್ತು. 1923ರದ್ದು ಮಾರಿಬೊಳ್ಳ, ಅಂದ್ರೆ ಮಹಾನೆರೆ, ಆಮೇಲೆ 1974ರದ್ದು. ಬಂಟ್ವಾಳ ಪೇಟೆ, ಪಾಣೆಮಂಗಳೂರು ಎಲ್ಲಾ ಮುಳುಗಿ ಹೋಗಿತ್ತು. ಉಡುಪಿಗೆ 2020ರ ಸೆಪ್ಟೆಂಬರ್ 20ರಂದು ಬಂತು, ರಾತ್ರಿ ಬೆಳಗಾಗುವುದರೊಳಗೆ ಕಲ್ಸಂಕ ಬದಿ ದೋಣಿಯಲ್ಲಿ ಜನರನ್ನು ಎತ್ತಿದ್ರು. ಒಂದು ಉದ್ದ ಕಲ್ಲು ನಿಲ್ಲಿಸಿ, ಯಾವ ವರ್ಷ ನೀರು ಎಷ್ಟು ಎತ್ತರ ಬಂತು ಅಂತ ಗೆರೆ ಎಳೆದು ಇಸವಿ ಕೆತ್ತಿ. ಮಕ್ಕಳು ಬಂದು ತಲೆ ತಾಗಿಸಿ ನೋಡ್ತಾರೆ.

ನಿವೃತ್ತ ಜೆಇ

ನೆರೆ ಗೆರೆ ಎಳೆಯಬೇಕಾದದ್ದು ನೆರೆ ಬಂದ ಜಾಗದಲ್ಲೇ. ಇವರ ಕಟ್ಟಡ ಗುಡ್ಡೆಯ ಮೇಲೆ. ಅಲ್ಲಿ ಎಳೆದ ಗೆರೆಗೆ ಅರ್ಥ ಇಲ್ಲ. ನಿಮ್ಮ ಪಾಣೆಮಂಗಳೂರು ಪೇಟೆಯಲ್ಲಿ ಮಾಡಿಸಿ, ನಾನೇ ಬಂದು ಲೆವೆಲ್ ಹಿಡಿದು ಕೊಡ್ತೇನೆ.

ಕುಂದಾಪ್ರ ಗಾಳಿ

ಕೊಚ್ಚಿಯಲ್ಲಿ 2014ರ ಬಿನಾಲೆ ಕಲಾಪ್ರದರ್ಶನದ ಹೊತ್ತಿಗೆ ಅನೀಶ್ ಕಪೂರ್ ಮಾಡಿದ್ ಕಂಡಿದ್ದೆ. ನೆಲಕ್ಕೆ ದೊಡ್ಡ ಗುಂಡಿ, ಅದ್ರಲ್ ಕಪ್ಪು ನೀರು ಸುಳಿ ತಿರುಗ್ತಾ ಇತ್ತ್. ಕಂಡ್ರೆ ಎದೆ ಝಲ್ಲ್ ಅಂತಿತ್ತ್. ಸರ್ಕಾರಿ ಆಫೀಸಿಗೆ ಅದೇ ಸಮ, ಹಾಕಿದ್ ಅರ್ಜಿ ಎಲ್ಲಾ ಎಲ್ಲಿಗ್ ಹೋತ್ ಅಂದೇಳಿ ಜನಕ್ಕೆ ಗೊತ್ತಾಯ್ತಿತ್ತ್.

ಕಡತವಾಹಕ

😂 ಇದನ್ನು ಟಿಪ್ಪಣಿಯಲ್ಲಿ ಹಾಕಲಿಕ್ಕಾಗುವುದಿಲ್ಲ.

ಸರಿ, ಸಾಮಗ್ರಿ ಬಗ್ಗೆ ಯಾರಾದರೂ ಹೇಳಿ. ಸ್ಟೀಲು, ಫೈಬರು, ಕಂಚು, ಕಲ್ಲು. ಸಾಹೇಬರು ಈಗ ಡಾಲ್ಫಿನ್ ಬಿಟ್ಟು ಸ್ಟೀಲಿನ ಅಲೆಗೆ ಬಂದಿದ್ದಾರೆ.

ನಿವೃತ್ತ ಜೆಇ

ಉಪ್ಪು ಗಾಳಿಯ ಊರು ಇದು. ಸ್ಟೀಲ್ ಹಾಕುವುದೇ ಆದರೆ 304 ದರ್ಜೆಯದ್ದು ಸಾಲದು, 316 ದರ್ಜೆಯದ್ದು ಬೇಕು. 316ರಲ್ಲಿ ಎರಡು ಮೂರು ಶೇಕಡಾ ಮಾಲಿಬ್ಡಿನಮ್ ಇರ್ತದೆ, ಉಪ್ಪಿನ ಕ್ಲೋರೈಡ್ ಚುಚ್ಚಿ ತೂತು ಮಾಡುವುದನ್ನು ಅದು ತಡೀತದೆ. 304 ಒಂದೆರಡು ಮಳೆಗಾಲಕ್ಕೆ ಕಂದು ಚುಕ್ಕೆ ಹಿಡೀತದೆ. ಈಗ ತಮಾಷೆ ಏನು ಗೊತ್ತುಂಟಾ, ಬಿಲ್ಲಿನಲ್ಲಿ 316 ಅಂತ ಬರೆದು 304 ಕೊಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಕೆಲವರು ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡ್ತಾರೆ, ಅದು ಪ್ರಯೋಜನ ಇಲ್ಲ, ಸಾಮಾನ್ಯವಾಗಿ ಎರಡಕ್ಕೂ ಆಯಸ್ಕಾಂತ ಹಿಡಿಯುವುದಿಲ್ಲ. ಮಾಲಿಬ್ಡಿನಮ್ ಪತ್ತೆಗೆ ಹನಿ ಹಾಕುವ ದ್ರಾವಣ ಸಿಗ್ತದೆ, ಅದನ್ನು ಹಾಕಿ ನೋಡಬೇಕು. ಅಳತೆ ಪುಸ್ತಕ ಬರೆಯುವ ಮೊದಲು, ಬಿಲ್ಲು ಪಾಸಾದ ಮೇಲೆ ಅಲ್ಲ.

ಫೈಬರು ಬಿಸಿಲಿಗೆ ಬಣ್ಣ ಹೋಗಿ ಸುಣ್ಣದ ಹುಡಿ ಬಿಡ್ತದೆ. ಮತ್ತೆ ಲೋಹವೋ ಫೈಬರೋ ಅನ್ನುವ ಜಗಳ ಎಲ್ಲಿಯವರೆಗೆ ಹೋಗ್ತದೆ ಅಂತ ಬೈಲೂರಿನ ಉಮಿಕಲ್ ಬೆಟ್ಟದ ಪರಶುರಾಮ ಮೂರ್ತಿಯ ವಿಷಯದಲ್ಲಿ ಇಡೀ ಜಿಲ್ಲೆ ನೋಡಿಯಾಗಿದೆ. ಅದರ ಸರಿ ತಪ್ಪು ಕೋರ್ಟಿಗೆ ಬಿಟ್ಟದ್ದು. ನಿಮ್ಮ ಕಡತದಲ್ಲಿ ಮಾತ್ರ ಸಾಮಗ್ರಿ ಯಾವುದು, ಯಾರು ಪರೀಕ್ಷೆ ಮಾಡಬೇಕು ಅಂತ ಮೊದಲೇ ಬರೆದಿಡಿ.

ಕಂಚು ಬಾಳ್ತದೆ, ಸಂಶಯವೇ ಇಲ್ಲ. ಕದ್ರಿಯ ಲೋಕೇಶ್ವರ ಕ್ರಿ.ಶ. 968ರದ್ದು, ಇವತ್ತಿಗೂ ಮುಖದ ಕಳೆ ಹೋಗಲಿಲ್ಲ. ಆದರೆ ಈಗ ಕಂಚಿನ ರೇಟು ಕೇಳಿದ್ರೆ ಸಾಹೇಬರು ವಾಪಸ್ ಡಾಲ್ಫಿನಿಗೆ ಹೋಗ್ತಾರೆ.

ಚಾಣದ ಧೂಳು

ಕಲ್ಲಿನ ಲೆಕ್ಕ ನಾನು ಹೇಳ್ತೇನೆ. ಕಾರ್ಕಳದ ಗೊಮ್ಮಟ 1432ರಿಂದ ಬಂಡೆಯ ಮೇಲೆ ನಿಂತಿದ್ದಾನೆ, 42 ಅಡಿ, ತಲೆ ಮೇಲೆ ಮಾಡು (ಸೂರು) ಇಲ್ಲ. ಸುಮಾರು ಆರುನೂರು ಮಳೆಗಾಲ. ಅದಕ್ಕಿಂತ ದೊಡ್ಡ ಗ್ಯಾರಂಟಿ ಕಾರ್ಡು ಯಾವ ಕಂಪೆನಿಯೂ ಕೊಡುವುದಿಲ್ಲ.

ಬಾವಿಕಟ್ಟೆ ಅಕ್ಕ ಹೇಳಿದ ಮಾತು ನನ್ನ ತಲೆಯಲ್ಲೇ ತಿರುಗ್ತಾ ಇತ್ತು, ಬೇಸಗೆಗೆ ಸುಳ್ಳು ಹೇಳದ ಶಿಲ್ಪ. ನಿನ್ನೆ ಶೆಡ್ಡಿನ ಹೊರಗೆ ಒಂದು ಪ್ರಯೋಗ ಮಾಡಿದೆ. ಬೂದು ಬಣ್ಣದ ಶಿಲೆಕಲ್ಲಿನ ತುಂಡು, ಎರಡು ಅಡಿ ಉದ್ದ. ಅದರ ಮೈಯನ್ನು ಚಾಣದಲ್ಲಿ ಒರಟಾಗಿ ಕುಟ್ಟಿ ಬಿಟ್ಟೆ. ನಡುವೆ ಒಂದು ಗೆರೆ, ಮೂರು ಬೆರಳು ಅಗಲ, ಬಳುಕಿ ಹೋಗುವಂಥದ್ದು. ಅದನ್ನು ಮಾತ್ರ ತಿಕ್ಕಿ ಕನ್ನಡಿ ಪಾಲಿಶು ಮಾಡಿದೆ. ಒಣಗಿರುವಾಗ ಏನಾಗ್ತದೆ ಅಂದ್ರೆ, ಒರಟು ಭಾಗ ಬೆಳಕನ್ನು ಚೆದುರಿಸಿ ಬಿಳಿ-ಬೂದಿ ಕಾಣ್ತದೆ, ಪಾಲಿಶು ಆದದ್ದು ಕಪ್ಪಗೆ ಒದ್ದೆ ಆದ ಹಾಗೆ ಕಾಣ್ತದೆ. ಬೆರಳಲ್ಲಿ ಮುಟ್ಟಿ ನೋಡದೆ ನಂಬಿಕೆ ಬರುವುದಿಲ್ಲ. ಒಣ ಬಂಡೆಯಲ್ಲಿ ನದಿ ಹರಿದ ಹಾಗೆ.

ಮತ್ತೆ ಒಂದು ಚೊಂಬು ನೀರು ಸುರಿದೆ. ಒರಟು ಕಲ್ಲು ನೀರು ಕುಡಿದು ಕಪ್ಪಾಯ್ತು. ಎರಡೂ ಒಂದೇ ಬಣ್ಣ. ನದಿ ಮಾಯ! ನೆರೆ ಬಂದಾಗ ದಡ ಯಾವುದು ಹೊಳೆ ಯಾವುದು ಗೊತ್ತಾಗುವುದಿಲ್ಲ ನೋಡಿ, ಹಾಗೆ. ಬಿಸಿಲಿಗೆ ಇಟ್ಟೆ. ಅಂಚಿನಿಂದ ಬೂದಿ ಬಣ್ಣ ವಾಪಸ್ ಬರ್ತಾ ಬರ್ತಾ ನಡುವಲ್ಲಿ ನದಿ ಮಾತ್ರ ಉಳಿಯಿತು. ನನ್ನ ಹುಡುಗ ಮೂರು ಸಲ ನೀರು ಸುರಿಸಿದ.

ಅಂಗಳದ ಒಂದು ಇಡೀ ಗೋಡೆಗೆ ಇದನ್ನು ದೊಡ್ಡದಾಗಿ ಮಾಡಬಹುದು. ಘಟ್ಟದಿಂದ ಕಡಲವರೆಗೆ. ಸ್ವರ್ಣಾ, ಸೀತಾ ಎರಡೂ ಬಂದು ಕೋಡಿಬೆಂಗ್ರೆಯಲ್ಲಿ ಕಡಲು ಸೇರುವವರೆಗೆ. ಪಂಪಿಲ್ಲ, ತೊಟ್ಟಿಯಿಲ್ಲ, ಕರೆಂಟಿಲ್ಲ.

ಬಾವಿಕಟ್ಟೆ

ಇದು ಆಗಬಹುದು. ಮೇ ತಿಂಗಳಲ್ಲಿ ನದಿ ಕಾಣ್ತದೆ, ಆದರೆ ಮುಟ್ಟಿದ್ರೆ ಒಣ ಕಲ್ಲು. ನಮ್ಮ ಅವಸ್ಥೆಯೂ ಅದೇ ಅಲ್ವಾ.

ಯಕ್ಷಪ್ರಶ್ನೆ

ಮಕರ ಒಂದು ಎಲ್ಲಾದರೂ ಇರಲಿ ಅಂತ ನನಗೆ ಈಗಲೂ ಉಂಟು. ದೇವರಾಗಿ ಬೇಡ, ನೀರು ಬೀಳುವ ಬಾಯಿಯಾಗಿ. ಕದ್ರಿಯಲ್ಲಿ ಗೋಮುಖದಿಂದ ನೀರು ಕೆರೆಗಳಿಗೆ ಬೀಳುವುದಿಲ್ವಾ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ.

ವಿಟ್ಲ ಸೀಮೆ

ಮಕರ ಯಾಕೆ, ದಂಬೆ ಸಾಕು. ಅಡಿಕೆ ಮರ ಸೀಳಿ ಒಳಗಿನ ನಾರು ತೆಗೆದ್ರೆ ದಂಬೆ. ತೋಟದಲ್ಲಿ ನೀರು ದಾಟಿಸುವುದು, ಮಾಡಿನ ನೀರು ಹಿಡಿಯುವುದು ಎಲ್ಲಾ ಅದರಲ್ಲೇ. ಕಲ್ಲಲ್ಲೇ ದಂಬೆಯ ಆಕಾರ ಕೆತ್ತಿ, ಮಾಡಿನ ಮಳೆನೀರು ಅದರಲ್ಲಿ ಬಂದು ಗೋಡೆಯ ಮೇಲೆ ಬೀಳಲಿ.

ನಿವೃತ್ತ ಜೆಇ

ಇಲ್ಲಿ ಲೆಕ್ಕ ಬೇಕು. 500 ಚದರ ಮೀಟರ್ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್. ನಮ್ಮಲ್ಲಿ ಜುಲೈ ತಿಂಗಳಲ್ಲಿ ಅಂಥ ದಿನ ಅಪರೂಪ ಏನಲ್ಲ. ಅಷ್ಟನ್ನೂ ಒಂದು ದಂಬೆಯಲ್ಲಿ ಅಂಗಳಕ್ಕೆ ಸುರಿದರೆ ಜಗಲಿಯಲ್ಲಿ ಕೂತವರು ಕೊಡೆ ಬಿಡಿಸಬೇಕಾಗ್ತದೆ. ಮಾಡಿನ ಒಂದು ಸಣ್ಣ ಪಾಲು ಮಾತ್ರ ಗೋಡೆಗೆ, ಉಳಿದದ್ದು ನೇರ ಇಂಗುಗುಂಡಿಗೆ. ಅಂಗಳದ ನೆಲಕ್ಕೆ ಇಳಿಜಾರು ಕೊಟ್ಟು, ಜಾಲರಿ ಹಾಕಿದ ಚರಂಡಿ ಬೇಕು. ಹಳೇ ಗುತ್ತಿನ ಮನೆಯವರು ಇದನ್ನೆಲ್ಲಾ ಎಂಜಿನಿಯರ್ ಇಲ್ಲದೆಯೇ ಮಾಡಿದ್ದರು.

ಇನ್ನು ಕಡತದ ಮಾತು. ಶಿಲ್ಪಕ್ಕೆ ಎಸ್‌ಆರ್ ರೇಟು (ಇಲಾಖೆಯ ದರಪಟ್ಟಿಯ ರೇಟು) ಇಲ್ಲ. "ಕಲ್ಲಿನ ಕ್ಲಾಡಿಂಗ್, ಚದರ ಮೀಟರಿಗೆ ಇಷ್ಟು" ಅಂತ ಅಂದಾಜು ಮಾಡಿದರೆ ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ಹಾಕಿದ ಗ್ರಾನೈಟ್ ಅಂಗಡಿಯವನು ಬರ್ತಾನೆ, ಗೆರೆಯನ್ನು ಮೆಷಿನ್ನಿನಲ್ಲಿ ಕೊರೆದು ಹೋಗ್ತಾನೆ. ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ 1999ರದ್ದು, ಅದರ 4(ಜಿ) ಅಡಿ ಟೆಂಡರಿನಿಂದ ವಿನಾಯಿತಿ ಕೇಳಬಹುದು, ಆದರೆ ಅದು ಸಲೀಸಲ್ಲ. ನನ್ನ ಕೇಳಿದ್ರೆ ಕಲ್ಲು, ಸಾಗಾಟ, ಗೋಡೆಗೆ ಕೂರಿಸುವುದು ಒಂದು ಭಾಗ, ಮಾಮೂಲು ಟೆಂಡರು. ಕೆತ್ತನೆ ಬೇರೆ ಭಾಗ, ಮಾದರಿ ತರಿಸಿ ಸಮಿತಿ ನೋಡಿ ಆರಿಸುವಂಥದ್ದು. ಸಮಿತಿಯಲ್ಲಿ ಶಿಲ್ಪಕಲಾ ಅಕಾಡೆಮಿ ಕಡೆಯವರು ಒಬ್ಬರು ಇರಲಿ. ನಾಳೆ ಆರ್‌ಟಿಐ ಹಾಕಿದವರಿಗೆ ಕೊಡಲಿಕ್ಕೆ ಕಾಗದ ಬೇಕಲ್ಲ.

ಕಡತವಾಹಕ

ರಾಯರೇ, ಈ ಎರಡು ಭಾಗದ ಮಾತನ್ನು ಹಾಗೆಯೇ ಟಿಪ್ಪಣಿಯಲ್ಲಿ ಹಾಕ್ತೇನೆ. ಇವತ್ತು ಮಧ್ಯಾಹ್ನ ಧೂಳಣ್ಣ ಕಳಿಸಿದ ವಿಡಿಯೋ ಸಾಹೇಬರಿಗೆ ತೋರಿಸಿದೆ. ಮಾತಾಡಲಿಲ್ಲ. ವಾಪಸ್ ತಿರುಗಿಸಿ ಎರಡನೇ ಸಲ ನೋಡಿದ್ರು. ಮತ್ತೆ "ಇದಕ್ಕೆ ಲೈಟು ಹಾಕ್ಲಿಕ್ಕೆ ಆಗ್ತದಾ" ಅಂತ ಕೇಳಿದ್ರು.

ಪರದೇಶಿಯವರ ಮಾತಿನಂತೆ ಅಟೆಂಡರ್ ಹತ್ತಿರವೂ ಕೇಳಿದೆ. ಅವರದ್ದು ಒಂದೇ ಪ್ರಶ್ನೆ, ಯಾವುದರಲ್ಲಿ ತೊಳೆಯುವುದು?

ಚಾಣದ ಧೂಳು

ಲೈಟು ಬೇಕಾದ್ರೆ ಮೇಲಿನಿಂದ ಓರೆಯಾಗಿ ಒಂದು, ಬಿಳಿಯದ್ದು. ಬಣ್ಣ ಬದಲಿಸುವಂಥದ್ದು ಹಾಕಿದ್ರೆ ನನ್ನ ಹೆಸರು ತೆಗೀರಿ.

ತೊಳೆಯಲಿಕ್ಕೆ ನೀರು, ತೆಂಗಿನ ನಾರು, ಅಷ್ಟೇ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಮುಟ್ಟಿಸಬಾರದು. ಕಲ್ಲಿನ ಒಳಗಿನ ಕಬ್ಬಿಣದ ಅಂಶ ತುಕ್ಕು ಹಿಡಿದು ಹಳದಿ ಆಗ್ತದೆ, ಆಮೇಲೆ ಹೋಗುವುದಿಲ್ಲ.

ಇನ್ನೊಂದು ವಿಷಯ. ಆಗಸ್ಟ್ ಬರುವಾಗ ಒರಟು ಭಾಗದಲ್ಲಿ ಪಾಚಿ ಕಟ್ಟುತ್ತದೆ. ಪಾಲಿಶು ಮೇಲೆ ಅಷ್ಟು ಹಿಡಿಯುವುದಿಲ್ಲ. ಅಂದರೆ ಹಸುರು ಗೋಡೆಯಲ್ಲಿ ಕಪ್ಪು ನದಿ. ಅದನ್ನು ತಿಕ್ಕಬೇಡಿ ಅಂತ ನನ್ನ ವಿನಂತಿ. ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ತಾನೇ ಒಣಗಿ ಉದುರುತ್ತದೆ.

ನಿವೃತ್ತ ಜೆಇ

ಗೋಡೆಯಲ್ಲಿ ಸರಿ. ಆದರೆ ಆ ಪಾಚಿ ನೀರಿನ ಜೊತೆ ಅಂಗಳದ ನೆಲಕ್ಕೆ ಇಳಿದರೆ ಮೊದಲು ಜಾರಿ ಬೀಳುವವರು ಪಿಂಚಣಿದಾರರು. ಗೋಡೆಯ ಬುಡದಿಂದ ಒಂದು ಮೀಟರ್ ನೆಲಕ್ಕೆ ಜಲ್ಲಿ ಹಾಕಿ, ಜನ ಹೆಜ್ಜೆ ಇಡದ ಹಾಗೆ ಮಾಡಿ. ಜಗಲಿ ಬದಿಯನ್ನು ವಾರಕ್ಕೊಮ್ಮೆ ತಿಕ್ಕಲೇಬೇಕು.

ಚಾಣದ ಧೂಳು

ಜಲ್ಲಿಗೆ ಒಪ್ಪಿಗೆ. ಹೊಳೆಯ ಉರುಟು ಕಲ್ಲು ಹಾಕುವ, ಕ್ರಷರ್ ಜಲ್ಲಿ ಬೇಡ.

ಬಾವಿಕಟ್ಟೆ

ಹೊಳೆಯಿಂದ ಕಲ್ಲು ತೆಗೆದು ನದಿಯ ಶಿಲ್ಪಕ್ಕೆ ಹಾಕುವುದಾ? ಅದಕ್ಕೆ ಪರವಾನಗಿ ಉಂಟಾ ಕಡತವಾಹಕರೇ?

ಕಡತವಾಹಕ

ಇಲ್ಲ ಅಕ್ಕ. ಧೂಳಣ್ಣನ ಶೆಡ್ಡಿನ ಹಿಂದೆ ಕೆತ್ತಿ ಉಳಿದ ಚೂರುಗಳ ರಾಶಿ ವಿಡಿಯೋದಲ್ಲಿ ಕಾಣ್ತಿತ್ತು. ಅದನ್ನೇ ಹಾಕಿಸುವ ಅಂತ ಟಿಪ್ಪಣಿಯಲ್ಲಿ ಬರೀತೇನೆ. ಕಡತ ಸೋಮವಾರ ಮೇಲೆ ಹೋಗ್ತದೆ. ಅಷ್ಟರೊಳಗೆ ಆ ಎರಡಡಿ ತುಂಡನ್ನು ಆಫೀಸಿಗೆ ತಲುಪಿಸಲಿಕ್ಕೆ ಆಗ್ತದಾ ಅಣ್ಣ? ವಿಡಿಯೋ ನೋಡದವರು ಸಮಿತಿಯಲ್ಲಿ ನಾಲ್ಕು ಜನ ಇದ್ದಾರೆ, ಅವರ ಎದುರು ಚೊಂಬಿನಲ್ಲಿ ನೀರು ಸುರಿದೇ ತೋರಿಸಬೇಕು.

ಚಾಣದ ಧೂಳು

ಶನಿವಾರ ಕಾರ್ಕಳ-ಉಡುಪಿ ಬಸ್ಸಿಗೆ ಹಾಕ್ತೇನೆ, ಕಂಡಕ್ಟರ್ ಪರಿಚಯ ಉಂಟು. ತೂಕ ಉಂಟು, ಇಳಿಸಿಕೊಳ್ಳಲಿಕ್ಕೆ ಇಬ್ಬರು ಬನ್ನಿ.